ಹತ್ತಂಕಿಯ ಹಟ

ಸ್ಕೌಟ್ಸ್ ದಳವಿರಲಿ, ಕಬ್-ಬುಲ್‌ಬುಲ್ ಗುಂಪಿರಲಿ, ಬೇಸಿಗೆ ಶಿಬಿರ ನಡೆಸುವ ಬಡಾವಣೆಯ ಮಕ್ಕಳ ಸಂಘವಿರಲಿ, ಸದಸ್ಯತ್ವದ ಸಾಫ್ಟ್‌ವೇರ್‌ನಲ್ಲಿ ಆಪತ್ತಿಗೆ ಒದಗುವ ಕಲಂ ಒಂದೇ: ಪೋಷಕರ ಫೋನ್ ನಂಬರು. ಬಸ್ಸು ತಡವಾದರೂ ಅದನ್ನೇ ನೋಡಬೇಕು, ಮಗುವಿಗೆ ಜ್ವರ ಬಂದರೂ ಅದನ್ನೇ ನೋಡಬೇಕು. ಆ ಕಲಮ್ಮಿಗೆ ಸಾಮಾನ್ಯವಾಗಿ ಹಾಕುವ ಕಾವಲು ಒಂದು ಸಾಲಿನದು. ಅಂಕಿ ಹತ್ತಿರಬೇಕು, ಮೊದಲನೆಯದು 6, 7, 8 ಅಥವಾ 9 ಆಗಿರಬೇಕು. ಭಾರತದ ಮೊಬೈಲ್ ನಂಬರಿಗೆ ಈ ನಿಯಮ ಸರಿಯೇ. ದಕ್ಷಿಣ ಬೆಂಗಳೂರಿನ ಮಕ್ಕಳ ಪಟ್ಟಿಗೆ ಮಾತ್ರ ಅದು ಸಾಲದು.

ಜಯನಗರ, ಬನಶಂಕರಿಯ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಅಜ್ಜ-ಅಜ್ಜಿ. ಮಕ್ಕಳು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ದುಬೈ, ಸಿಂಗಪುರಗಳಲ್ಲಿ. ಮೊಮ್ಮಕ್ಕಳು ಅಲ್ಲಿಯ ರಜೆಗೆ ಜೂನ್-ಜುಲೈನಲ್ಲಿ ಬರುತ್ತಾರೆ, ಕೆಲವರು ಇಲ್ಲೇ ಅಜ್ಜಿಯ ಮನೆಯಲ್ಲಿದ್ದು ಓದುತ್ತಾರೆ. ಬಿಟಿಎಂ ಲೇಔಟ್, ಜೆ.ಪಿ. ನಗರದ ಕಡೆ ಇನ್ನೊಂದು ಬಗೆಯ ಮಗುವಿದೆ: ಅಪಾರ್ಟ್‌ಮೆಂಟಿನ ಕಾವಲಿಗೆಂದು ನೇಪಾಳದಿಂದ ಬಂದವರ ಮಗು. ಅದರ ತಾಯಿ ಊರಲ್ಲಿದ್ದರೆ ಅವಳ ನಂಬರೂ ವಿದೇಶದ್ದೇ. ವಿದೇಶಿ ನಂಬರು ಎಂದೊಡನೆ ಎನ್‌ಆರ್‌ಐಗಳ ತಲೆನೋವು ಎಂದು ತಳ್ಳಿಹಾಕುವವರಿಗೆ ಈ ಮಗು ಕಾಣುವುದಿಲ್ಲ.

ಹತ್ತಂಕಿ ಪಂಥದವರ ವಾದ ಹಳೆಯದು: ನಿಯಮ ಬಿಗಿಯಾಗಿದ್ದರೆ ತಪ್ಪು ನುಸುಳುವುದಿಲ್ಲ. ನಂಬರುಗಳನ್ನೇ ಎದುರಿಗಿಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಸನಿವೇಲ್, ಕೂಪರ್ಟಿನೊ ಕಡೆಯ ಪ್ರದೇಶ ಸಂಕೇತ 408. ಮೊದಲ ಅಂಕಿ ನಾಲ್ಕಾದ್ದರಿಂದ ಫಾರಂ ಅದನ್ನು ಒಪ್ಪುವುದಿಲ್ಲ. ನ್ಯೂಜೆರ್ಸಿಯ ಎಡಿಸನ್ನಿನದು 732. ಅಮೆರಿಕದ ನಂಬರಿಗೂ ಹತ್ತೇ ಅಂಕಿಯಾದ್ದರಿಂದ ಫಾರಂ ಇದನ್ನು ನಗುನಗುತ್ತ ಒಳಗೆ ಬಿಟ್ಟುಕೊಂಡು, ಮುಂದೆ ತಾನಾಗಿಯೇ 91 ಅಂಟಿಸಿಕೊಳ್ಳುತ್ತದೆ. ನೇಪಾಳದ ಮೊಬೈಲ್ ನಂಬರೂ ಹತ್ತಂಕಿಯದು, ಬಹುಪಾಲು 98ರಿಂದ ಶುರು. 977 ಎಂಬ ದೇಶದ ಸಂಕೇತ ಬಿಟ್ಟರೆ ಅದಕ್ಕೂ ಭಾರತದ ನಂಬರಿಗೂ ವ್ಯತ್ಯಾಸ ತಿಳಿಯದು. ಸಿಂಗಪುರದ ನಂಬರಿಗೆ ಎಂಟೇ ಅಂಕಿ. ಸಂಕೇತ 65 ಸೇರಿಸಿ ಪ್ಲಸ್ ಬಿಟ್ಟು ಬರೆದರೆ ಸರಿಯಾಗಿ ಹತ್ತಾಗುತ್ತದೆ, ಮೊದಲ ಅಂಕಿಯೂ 6. ಹೀಗೆ ಒಳಬಂದ ನಂಬರಿಗೆ ಕಳಿಸಿದ ಸಂದೇಶ, ಮಗು ಎಷ್ಟು ಹೊತ್ತಿಗೆ ಎಲ್ಲಿ ಬಸ್ಸು ಇಳಿಯುತ್ತದೆ ಎಂಬುದು ಸೇರಿದಂತೆ, ಗುರುತು-ಪರಿಚಯವಿಲ್ಲದ ಯಾರದೋ ಕೈಗೆ ಹೋಗುತ್ತದೆ. ಒಪ್ಪದ ಫಾರಂ ಬರೀ ಕಿರಿಕಿರಿ. ತಪ್ಪನ್ನು ಒಪ್ಪುವ ಫಾರಂ ಅಪಾಯ.

ಮದ್ದು ಹೊಸದೇನಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಶಿಫಾರಸು ಈ ವಿಷಯದ ಮೂಲಗ್ರಂಥ. ಅದರ ಪ್ರಕಾರ ದೇಶದ ಸಂಕೇತ ಒಂದರಿಂದ ಮೂರು ಅಂಕಿ, ಎಲ್ಲ ಸೇರಿ ಹದಿನೈದು ಅಂಕಿ ಮೀರುವಂತಿಲ್ಲ. ಒಂದು ದೇಶದ ಸಂಕೇತ ಇನ್ನೊಂದರ ಆರಂಭದ ತುಣುಕಾಗಿರುವುದಿಲ್ಲ. ಆದ್ದರಿಂದ ಎಡದಿಂದ ಓದುತ್ತ ಹೋದರೆ ಸಂಕೇತ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಾನೇ ಗೊತ್ತಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ಅಂಚೆ ವಿಳಾಸಕ್ಕೂ ಇಲ್ಲ. ಭಾರತದಿಂದ ಹೊರಕ್ಕೆ ಒತ್ತುವ 00, ಅಮೆರಿಕದಿಂದ ಒತ್ತುವ 011 ನಂಬರಿನ ಭಾಗವಲ್ಲ. ಅವೆರಡರ ಬದಲಿಗೆ ಒಂದು ಪ್ಲಸ್ ಸಾಕು. ಬೆಂಗಳೂರಿನ 080ರ ಸೊನ್ನೆಯೂ ದೇಶದೊಳಗಿನ ವ್ಯವಹಾರದ್ದು, +91 80 ಎಂದು ಬರೆದಾಗ ಬಿದ್ದುಹೋಗುತ್ತದೆ. ದುಬೈಯ 050 ಕೂಡ +971 50 ಆಗುತ್ತದೆ. ಇಟಲಿಯ ಸ್ಥಿರ ದೂರವಾಣಿ ಮಾತ್ರ ಸೊನ್ನೆಯನ್ನು ಬಿಡುವುದಿಲ್ಲ. ಎಲ್ಲ ಸೊನ್ನೆಯನ್ನೂ ಕತ್ತರಿಸುವ ಪ್ರೋಗ್ರಾಮರು ಅಲ್ಲಿ ಸಿಕ್ಕಿಬೀಳುತ್ತಾನೆ. ಮೊದಲ ಎರಡಂಕಿ 91 ಕಂಡೊಡನೆ ಕತ್ತರಿಸುವವನೂ ಅಷ್ಟೇ. 91ರಿಂದಲೇ ಶುರುವಾಗುವ ಹತ್ತಂಕಿ ಮೊಬೈಲ್ ನಂಬರುಗಳು ಕರ್ನಾಟಕದಲ್ಲೇ ಬೇಕಾದಷ್ಟಿವೆ.

ಇದಕ್ಕೆಲ್ಲ ಸ್ವಂತ ನಿಯಮ ಹೊಸೆಯುತ್ತ ಕೂರಬೇಕಾಗಿಲ್ಲ. ಗೂಗಲ್ ಮುಕ್ತವಾಗಿ ಕೊಟ್ಟಿರುವ ಲಿಬ್‌ಫೋನ್‌ನಂಬರ್ ಎಂಬ ಸಂಗ್ರಹ ಪ್ರತಿ ದೇಶದ ಪದ್ಧತಿಯನ್ನೂ ಬಲ್ಲದು. ಅದನ್ನು ಆಗಾಗ ಹೊಸದಾಗಿಸಿಕೊಳ್ಳುತ್ತಿರಬೇಕು, ಅಷ್ಟೇ. ಪದ್ಧತಿಗಳು ಬದಲಾಗುತ್ತವೆ: ಭಾರತದಲ್ಲೇ 6ರಿಂದ ಶುರುವಾಗುವ ಮೊಬೈಲ್ ನಂಬರು ಹಿಂದೆ ಇರಲಿಲ್ಲ.

ನಂಬರನ್ನು ಅಕ್ಷರವೆಂದು ಉಳಿಸಬೇಕು, ಸಂಖ್ಯೆಯೆಂದಲ್ಲ. ಅದನ್ನು ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಎಕ್ಸೆಲ್‌ಗೆ ಇದು ಅರ್ಥವಾಗುವುದಿಲ್ಲ. 91 ಸೇರಿ ಹನ್ನೆರಡಂಕಿಯಾದ ನಂಬರು ಅಲ್ಲಿ 9.19845ಇ+11 ಎಂಬ ವೇಷ ತೊಡುತ್ತದೆ. ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕೊನೆಯ ಅಂಕಿಗಳು ಮರಳಿ ಬಾರವು. ದಳದ ಪಟ್ಟಿ ಕೈಯಿಂದ ಕೈಗೆ ಸಾಗುವುದು ಎಕ್ಸೆಲ್‌ನಲ್ಲೇ ಆದ್ದರಿಂದ ಹಾನಿಯ ದೊಡ್ಡ ಪಾಲು ಇಲ್ಲಿಯದು.

ತುಂಬುವ ಕಡೆ ಇನ್ನೊಂದು ಪಂಥವಿದೆ, ಬಾವುಟದವರದು. ಇನ್ನೂರಕ್ಕೂ ಹೆಚ್ಚು ಬಾವುಟಗಳ ಉದ್ದ ಪಟ್ಟಿ ಬಿಚ್ಚಿ ಆರಿಸಿರಿ ಎನ್ನುವುದು ಇವರ ಪದ್ಧತಿ. ಅಮೆರಿಕ, ಕೆನಡಾ ಎರಡಕ್ಕೂ ಸಂಕೇತ 1, ರಷ್ಯಾ, ಕಜಕಸ್ತಾನ ಎರಡಕ್ಕೂ 7 ಎಂಬುದನ್ನು ಮರೆತ ಅಲಂಕಾರವಿದು. ನೆಟ್ಟಗಿನ ದಾರಿಯೆಂದರೆ, ಪ್ಲಸ್ ಇಲ್ಲದೆ ಬರೆದದ್ದನ್ನು ಭಾರತದ್ದೆಂದು ಹಿಡಿದು, ಉಳಿಸುವ ಮುನ್ನ ‘ಭಾರತ, +91’ ಎಂದು ದೊಡ್ಡಕ್ಷರದಲ್ಲಿ ತೋರಿಸಿ ಹೌದೇ ಎಂದು ಕೇಳುವುದು. ನೇಪಾಳದ ನಂಬರು ಸಿಕ್ಕಿಬೀಳುವುದು ಅಲ್ಲೇ. ಕನ್ನಡ ಕೀಲಿಮಣೆಯಲ್ಲಿ ೯೮ ಎಂದು ಒತ್ತಿದ ಅಜ್ಜನನ್ನು ತಿರಸ್ಕರಿಸುವ ಫಾರಂ ಬೆಂಗಳೂರಿಗೆ ಮರ್ಯಾದೆಯಲ್ಲ.

ಸಂದೇಶ ಕಳಿಸುವ ಕೆಲಸ ಬೇರೆಯೇ ಕತೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮಾವಳಿಯಂತೆ ಸಂಸ್ಥೆಗಳು ಹೆಸರು, ಒಕ್ಕಣೆ ಎರಡನ್ನೂ ನೋಂದಾಯಿಸಿ ಎಸ್‌ಎಂಎಸ್ ಕಳಿಸುವ ಏರ್ಪಾಡು ದೇಶದೊಳಗಿನ ನಂಬರುಗಳಿಗೆ. ಹೊರದೇಶಕ್ಕೆ ಬೇರೆ ದಾರಿ, ಬೇರೆ ದರ. ಒಟಿಪಿಗೂ ಇದೇ ತೊಡಕು, ಇಲ್ಲಿ ಕಾನೂನೂ ಅಡ್ಡ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆನ್ನುತ್ತದೆ, ಅವರ ಮಾಹಿತಿಗೆ ತಂದೆ-ತಾಯಿಯ ಅಥವಾ ಕಾನೂನುಬದ್ಧ ಪಾಲಕರ ಒಪ್ಪಿಗೆ ಕೇಳುತ್ತದೆ. ಒಟಿಪಿ ದುಬೈಗೆ ಹೋಗದೆಂದು ಅಜ್ಜನ ಮೊಬೈಲಿಗೆ ತರಿಸಿಕೊಂಡರೆ ಒಪ್ಪಿಗೆ ಕೊಟ್ಟವರು ಯಾರು?

ಹಾಗೆಂದು ವಿದೇಶಿ ನಂಬರಿಗೆ ಮೊದಲ ಸಾಲು ಕೊಡುವುದೂ ಸಲ್ಲ. ದಳನಾಯಕರ ಪ್ರಿಪೇಯ್ಡ್ ಸಿಮ್ಮಿನಲ್ಲಿ ಐಎಸ್‌ಡಿ ಇಲ್ಲದಿರಬಹುದು. ಇಲ್ಲಿ ಸಂಜೆ ಆರಾದಾಗ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಬೆಳಗಿನ ಐದೂವರೆ. ಮರದಿಂದ ಬಿದ್ದ ಹುಡುಗನನ್ನು ಆಸ್ಪತ್ರೆಗೆ ಒಯ್ಯಬಲ್ಲವರು ಬನಶಂಕರಿಯ ಅಜ್ಜಿ. ಅವರ ಎಂಟಂಕಿಯ ಸ್ಥಿರ ದೂರವಾಣಿಯನ್ನೂ ಹತ್ತಂಕಿಯ ನಿಯಮ ಒಪ್ಪುವುದಿಲ್ಲವೆಂಬುದು ಈ ಹಟದ ಪರಾಕಾಷ್ಠೆ. ಪ್ರತಿ ಮಗುವಿಗೂ ಮೂರು-ನಾಲ್ಕು ನಂಬರು, ಯಾರದು, ಯಾವ ಊರಿನದು, ಮೊದಲು ಯಾರಿಗೆ ಎಂಬ ಟಿಪ್ಪಣಿ ಸಮೇತ ಇರಬೇಕು.

ನಂಬರನ್ನೇ ಸದಸ್ಯತ್ವದ ಗುರುತಾಗಿ ಬಳಸುವ ಚಾಳಿಯಂತೂ ಬಿಡಬೇಕಾದದ್ದು. ಅಣ್ಣ-ತಂಗಿಗೆ ತಾಯಿಯ ನಂಬರು ಒಂದೇ. ವಿದೇಶಕ್ಕೆ ಹೋದವರ ಇಲ್ಲಿಯ ಸಿಮ್ ರೀಚಾರ್ಜ್ ಇಲ್ಲದೆ ಸಾಯುತ್ತದೆ. ಸತ್ತ ನಂಬರನ್ನು 90 ದಿನದ ಬಳಿಕ ಕಂಪನಿ ಬೇರೆಯವರಿಗೆ ಕೊಡಬಹುದು. ಜೂನ್ ತಿಂಗಳ ದಾಖಲಾತಿಯಲ್ಲಿ ಹಳೆಯ ಸದಸ್ಯರ ನಂಬರುಗಳಿಗೂ ಒಮ್ಮೆ ಕರೆ ಮಾಡಿ ನೋಡುವುದು ಒಳ್ಳೆಯದು.