ಲೇಬಲ್ ತೊಳೆದವರು, ಹೆಸರು ಬರೆದವರು: ಹಳೆಯ ಫಂಕ್-ಸೋಲ್ ರೆಕಾರ್ಡುಗಳ ಮರುಶೋಧದ ಬಗ್ಗೆ

 

ಗಡಿನಾಡ ಕನ್ನಡದ ಬಗ್ಗೆ ನಡೆಯುತ್ತಿರುವ ಈ ಸರಣಿಯಲ್ಲಿ ಅಮೆರಿಕದ ಹಳೆಯ ಸಂಗೀತದ ಮಾತು ಯಾಕೆ ಎಂದು ಕೇಳಬಹುದು. "ಕಾಸರಗೋಡಿನಲ್ಲಿ ಇಷ್ಟು ಒಳ್ಳೆಯ ಕನ್ನಡ ಇದೆ ಅಂತ ಗೊತ್ತೇ ಇರಲಿಲ್ಲ" ಎಂದು ಘಟ್ಟದ ಮೇಲಿನಿಂದ ಬಂದ ಅತಿಥಿಗಳು ವೇದಿಕೆಯಲ್ಲಿ ಹೇಳುವುದನ್ನು ನಾವೆಲ್ಲ ಕೇಳಿದವರೇ. ಪ್ರೀತಿಯಿಂದಲೇ ಹೇಳುತ್ತಾರೆ, ಸರಿ. ಆದರೆ ಗೊತ್ತಿಲ್ಲದೆ ಇದ್ದದ್ದು ಯಾರಿಗೆ? ನಮ್ಮ ಅಜ್ಜಿಯಂದಿರಿಗಂತೂ ಅಲ್ಲ. 'ಪತ್ತೆಯಾಯಿತು', 'ಬೆಳಕಿಗೆ ಬಂತು' ಎನ್ನುವ ಕ್ರಿಯಾಪದಗಳಿಗೆ ಕರ್ತೃ ಯಾರು ಎಂಬ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದಿರುವುದು, ನನ್ನ ಓದಿನ ಮಟ್ಟಿಗೆ, ರೆಕಾರ್ಡು ಹುಡುಕುವವರ ಲೋಕದಲ್ಲಿ. ಹಾಗಾಗಿ ಈ ಪ್ರಬಂಧ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಮೊದಲು ಸಾಮಗ್ರಿಯ ಪರಿಚಯ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಕೊಲಂಬಸ್, ಹ್ಯೂಸ್ಟನ್, ಇಂಡಿಯಾನಾಪೊಲಿಸ್‌ನಂಥ ನಗರಗಳ ಆಫ್ರೋ-ಅಮೆರಿಕನ್ ಸಮುದಾಯಗಳಲ್ಲಿ ಸಣ್ಣ ಸಣ್ಣ ರೆಕಾರ್ಡ್ ಲೇಬಲ್‌ಗಳು ಹುಟ್ಟಿಕೊಂಡವು. ರೇಡಿಯೋ ನಿರೂಪಕರೋ ಅಂಗಡಿಯವರೋ ಕೈಯಿಂದ ದುಡ್ಡು ಹಾಕಿ, ನಿಮಿಷಕ್ಕೆ 45 ಸುತ್ತು ತಿರುಗುವ ಏಳಿಂಚಿನ ರೆಕಾರ್ಡನ್ನು ಕೆಲವು ನೂರು ಪ್ರತಿ ಒತ್ತಿಸುತ್ತಿದ್ದರು. ಹಂಚುವ ಜಾಲ ಇಲ್ಲ. ಊರಿನ ರೇಡಿಯೋದಲ್ಲಿ ಒಂದೆರಡು ವಾರ ಹಾಕಿದರೆ ಪುಣ್ಯ. ಉಳಿದ ಪ್ರತಿಗಳು ಅಂಗಡಿಯ ನೆಲಮಾಳಿಗೆಗೆ, ಯಾರದೋ ಗ್ಯಾರೇಜಿಗೆ, ಕೊನೆಗೆ ಗುಜರಿಗೆ. ಅವುಗಳನ್ನು ಹಾಲಿನ ಕ್ರೇಟುಗಳಲ್ಲಿ ತುಂಬಿಸಿಡುತ್ತಿದ್ದರು. ಆ ಕ್ರೇಟುಗಳೊಳಗೆ ಬೆರಳಾಡಿಸಿ, ಯಾರೂ ಕೇಳದ ಫಂಕ್ ಮತ್ತು ಸೋಲ್ ಸಂಗೀತವನ್ನು ಎತ್ತಿ ತರುವ ಹವ್ಯಾಸಕ್ಕೆ ಕ್ರೇಟ್ ಡಿಗ್ಗಿಂಗ್ ಎಂದು ಹೆಸರು. ('ಸೋಲ್' ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ನಮ್ಮ 'ಸೋಲು' ನೆನಪಾಗುತ್ತದೆ. ಈ ರೆಕಾರ್ಡುಗಳ ಮಟ್ಟಿಗೆ ಅದು ತಪ್ಪು ನೆನಪಲ್ಲ.)

2001ರ 'ಸ್ಕ್ರ್ಯಾಚ್' ಸಾಕ್ಷ್ಯಚಿತ್ರದಲ್ಲಿ ಡಿಜೆ ಶ್ಯಾಡೋ ಅಂಥದೊಂದು ನೆಲಮಾಳಿಗೆಯಲ್ಲಿ ಕುಳಿತಿರುವ ದೃಶ್ಯವಿದೆ. ಸುತ್ತ ಎದೆಮಟ್ಟ ರೆಕಾರ್ಡು. ಇವರೆಲ್ಲರ ಕನಸು ಮುಗಿದದ್ದು ಇಲ್ಲಿ, ಒಂದು ದಿನ ನನ್ನದೂ ಇಲ್ಲಿಗೇ ಬರುವುದು ಎಂಬ ಅರ್ಥದ ಮಾತು ಆಡುತ್ತಾರೆ. 1996ರಲ್ಲಿ ಬಂದ ಅವರ 'ಎಂಡ್‌ಟ್ರೊಡ್ಯೂಸಿಂಗ್' ಹೆಚ್ಚುಕಡಿಮೆ ಪೂರ್ತಿಯಾಗಿ ಬೇರೆಯವರ ರೆಕಾರ್ಡುಗಳ ತುಣುಕುಗಳಿಂದಲೇ ಕಟ್ಟಿದ್ದು. ಅಗೆಯುವವರಲ್ಲಿ ಹೀಗೆ ವಿನಯದಿಂದ ಮಾತಾಡಿದವರು ಕಡಿಮೆ ಎಂದೇ ನನ್ನ ಅನಿಸಿಕೆ.

ಈ ಹವ್ಯಾಸದ ಆರಂಭದಲ್ಲೇ ಮುಚ್ಚಿಡುವ ಕೆಲಸ ಉಂಟು. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತನ್ನ ತಂಗಿ ಏರ್ಪಡಿಸಿದ ಪಾರ್ಟಿಗೆ ಸಂಗೀತ ಹಾಕಿದ ಡಿಜೆ ಕೂಲ್ ಹರ್ಕ್ ಹಿಪ್-ಹಾಪ್‌ನ ಮೂಲಪುರುಷರಲ್ಲಿ ಒಬ್ಬರು. ಹಾಡಿನ ನಡುವೆ ಉಳಿದ ವಾದ್ಯ ನಿಂತು ಡ್ರಮ್ಮು ಮಾತ್ರ ನುಡಿಯುವ ಜಾಗಕ್ಕೆ 'ಬ್ರೇಕ್' ಎನ್ನುತ್ತಾರೆ. ಕುಣಿಯುವವರು ಕಾಯುವುದೇ ಅದಕ್ಕೆ ಎಂದು ಕಂಡುಕೊಂಡು, ಆ ಜಾಗವನ್ನೇ ಮತ್ತೆ ಮತ್ತೆ ನುಡಿಸಿದವರು ಅವರು. ಅವರೇ ರೆಕಾರ್ಡುಗಳನ್ನು ನೀರಲ್ಲಿ ನೆನೆಸಿ ಲೇಬಲ್ ಕಿತ್ತುಬಿಡುತ್ತಿದ್ದರು, ಬೇರೆ ಡಿಜೆಗಳಿಗೆ ಹಾಡಿನ ಹೆಸರು ಸಿಗಬಾರದು ಎಂದು. ಅವರು ಹುಟ್ಟಿ ಬಂದ ಜಮೈಕಾದ ಸೌಂಡ್ ಸಿಸ್ಟಮ್‌ಗಳಲ್ಲಿ ಇದು ಮೊದಲೇ ಇದ್ದ ಪದ್ಧತಿ.

ಅಟ್ಲಾಂಟಿಕ್‌ನ ಆಚೆ, ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ, ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯ ಹುಡುಗರು ರಾತ್ರಿಯಿಡೀ ಕುಣಿಯುತ್ತಿದ್ದದ್ದು ಅಮೆರಿಕದಲ್ಲಿ ಓಡದೇ ಹೋದ ಸೋಲ್ ಹಾಡುಗಳಿಗೆ. ಲಂಡನ್ನಿನ ರೆಕಾರ್ಡು ವ್ಯಾಪಾರಿ, ಲೇಖಕ ಡೇವ್ ಗಾಡಿನ್ ಇದಕ್ಕೆ 'ನಾರ್ದರ್ನ್ ಸೋಲ್' ಎಂದು ಹೆಸರಿಟ್ಟರು. 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಇದರ ದೊಡ್ಡ ಅಡ್ಡ. ಅಲ್ಲಿಯ ಡಿಜೆಗಳು ಅಪರೂಪದ ರೆಕಾರ್ಡಿನ ಲೇಬಲ್ ಮೇಲೆ ಕಾಗದ ಅಂಟಿಸಿ ಬೇರೆಯೇ ಹೆಸರು ಹೇಳುತ್ತಿದ್ದರು. ಫ್ರಾಂಕ್ ವಿಲ್ಸನ್ ಎಂಬವರು 1965ರಲ್ಲಿ ಮೋಟೌನ್ ಕಂಪನಿಗೆ ಹಾಡಿದ 'ಡೂ ಐ ಲವ್ ಯು' ಎಂಬ ಹಾಡು ಪ್ರಾಯೋಗಿಕ ಪ್ರತಿಗಳ ಹಂತದಲ್ಲೇ ನಿಂತಿತು. ಆ ಪ್ರತಿಗಳೂ ಬಹುಪಾಲು ನಾಶವಾದವು. ಉಳಿದ ಬೆರಳೆಣಿಕೆಯಲ್ಲಿ ಒಂದು ಇಂಗ್ಲೆಂಡಿಗೆ ಬಂದು, ವಿಗನ್‌ನಲ್ಲಿ ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ ನುಡಿಯಿತು. ಜನ ಹುಚ್ಚೆದ್ದು ಕುಣಿದರು, ಆದರೆ ಹಾಡಿದವನ ಹೆಸರು ಗೊತ್ತಿಲ್ಲದೆ. 2009ರಲ್ಲಿ ಅದರ ಒಂದು ಪ್ರತಿ 25,742 ಪೌಂಡಿಗೆ ಹರಾಜಾಯಿತು. ಗಮನಿಸಬೇಕಾದದ್ದು: ಹಳೆಯ ರೆಕಾರ್ಡು ಕೈಬದಲಾದಾಗ ಬರುವ ಹಣದಲ್ಲಿ ಹಾಡಿದವರಿಗೆ ರಾಯಲ್ಟಿ ಇಲ್ಲ. ಅದು ಮಾರಿದವರ ಮತ್ತು ಕೊಂಡವರ ನಡುವಿನ ಮಾತು.

ಇದನ್ನೆಲ್ಲ ಪೈಪೋಟಿಯ ತುಂಟಾಟ ಎಂದು ನಕ್ಕು ಬಿಡಬಹುದಿತ್ತು, ಗ್ರೆಗರಿ ಕೋಲ್ಮನ್ ಎಂಬ ಡ್ರಮ್ಮರ್ ಇಲ್ಲದಿದ್ದರೆ. 1969ರಲ್ಲಿ ವಿನ್‌ಸ್ಟನ್ಸ್ ತಂಡದ 'ಆಮೆನ್, ಬ್ರದರ್' ಒಂದು ರೆಕಾರ್ಡಿನ ಹಿಂಬದಿಯಲ್ಲಿ ಬಂತು. ಮುಂಬದಿಯ ಹಾಡು ಗ್ರ್ಯಾಮಿ ಗೆದ್ದಿತು. ಹಿಂಬದಿಯದನ್ನು ಕೇಳಿದವರು ಕಡಿಮೆ. ಅದರಲ್ಲಿ ಕೋಲ್ಮನ್ ಏಳು ಸೆಕೆಂಡಿನಷ್ಟು ಹೊತ್ತು ಒಬ್ಬರೇ ಬಾರಿಸುತ್ತಾರೆ. 1986ರಲ್ಲಿ 'ಅಲ್ಟಿಮೇಟ್ ಬ್ರೇಕ್ಸ್ ಆ್ಯಂಡ್ ಬೀಟ್ಸ್' ಎಂಬ ಸಂಕಲನ ಅದನ್ನು ಎತ್ತಿ ತಂದಿತು. ಅಲ್ಲಿಂದ ಆ ಏಳು ಸೆಕೆಂಡು ಅಮೆರಿಕದ ಹಿಪ್-ಹಾಪ್‌ಗೂ ಇಂಗ್ಲೆಂಡಿನ ಜಂಗಲ್, ಡ್ರಮ್ ಆ್ಯಂಡ್ ಬೇಸ್ ಸಂಗೀತಕ್ಕೂ ಅಡಿಪಾಯವಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಸಲ ಬಳಸಲಾದ ತುಣುಕುಗಳಲ್ಲಿ ಅದೊಂದು. ಕೋಲ್ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅವರು ಸತ್ತಾಗ ತಲೆಯ ಮೇಲೊಂದು ಸೂರು ಇರಲಿಲ್ಲ. ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಸಂಗೀತಾಸಕ್ತರು ವಂತಿಗೆ ಎತ್ತಿ 24,000 ಪೌಂಡ್ ಕೊಟ್ಟರು. ಹಕ್ಕಾಗಿ ಅಲ್ಲ, ಕೊಡುಗೆಯಾಗಿ.

ನಮ್ಮಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಇಲ್ಲದ ಮನೆ ಒಂದು ಕಾಲದಲ್ಲಿ ಕಡಿಮೆ. ನಮ್ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯವು ಈಗಲೂ ಉಂಟು. ಹೊದಿಕೆಯ ಮೇಲೆ ಅರ್ಥಧಾರಿಗಳ ಹೆಸರು ದಪ್ಪಕ್ಷರದಲ್ಲಿ, ಭಾಗವತರದ್ದು ಅದರ ಕೆಳಗೆ. ಚೆಂಡೆ-ಮದ್ದಳೆಯವರ ಹೆಸರು ಕೆಲವದರಲ್ಲಿ ಇಲ್ಲವೇ ಇಲ್ಲ. ಕೋಲ್ಮನ್ ಕಥೆ ಓದಿದ ಮೇಲೆ ನಾನು ಅವುಗಳನ್ನು ತಿರುಗಿಸಿ ನೋಡತೊಡಗಿದ್ದು.

ಇನ್ನು ಈ ಲೋಕದ ಇನ್ನೊಂದು ಮುಖ. ಹ್ಯೂಸ್ಟನ್‌ನ ಕ್ಯಾಶ್‌ಮಿಯರ್ ಹೈಸ್ಕೂಲಿನ ಸಂಗೀತ ಮೇಷ್ಟ್ರು ಕಾನ್ರಾಡ್ ಜಾನ್ಸನ್ 1960ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಫಂಕ್ ನುಡಿಸಿದರು. ಶಾಲಾ ಬ್ಯಾಂಡು ಎಂದರೆ ನಾವು ನೆನೆಸಿಕೊಳ್ಳುವ ಕವಾಯತು ಅಲ್ಲ. ಕೇಳಿದರೆ ದೊಡ್ಡವರ ಪಳಗಿದ ತಂಡ ಎಂದೇ ತೋರುವಷ್ಟು ಬಿಗಿ. ರಾಜ್ಯದ ಸ್ಪರ್ಧೆಗಳನ್ನು ಗೆದ್ದರು, ರೆಕಾರ್ಡುಗಳನ್ನೂ ಮಾಡಿದರು. ಆ ರೆಕಾರ್ಡುಗಳು ಮುಂದೆ ಸಂಗ್ರಾಹಕರ ಬೇಟೆಯಾದವು. ಲಾಸ್ ಏಂಜಲೀಸ್‌ನ ಈಗನ್ ಎಂಬ ಸಂಗ್ರಾಹಕ ಮಾಡಿದ ವ್ಯತ್ಯಾಸ ಇಷ್ಟೇ: ರೆಕಾರ್ಡು ಸಿಕ್ಕಿದ ಮೇಲೆ ಹ್ಯೂಸ್ಟನ್‌ಗೆ ಹೋಗಿ ಮೇಷ್ಟ್ರನ್ನೇ ಕಂಡರು. 2006ರಲ್ಲಿ ಬಂದ 'ಟೆಕ್ಸಸ್ ಥಂಡರ್ ಸೋಲ್' ಸಂಕಲನ ಆ ಭೇಟಿಯ ಫಲ. 2008ರ ಫೆಬ್ರವರಿಯಲ್ಲಿ ಹಳೆಯ ವಿದ್ಯಾರ್ಥಿಗಳು, ಅಷ್ಟರಲ್ಲಿ ನಡುವಯಸ್ಸು ದಾಟಿದವರು, ಒಟ್ಟುಸೇರಿ ಮೇಷ್ಟ್ರ ಮುಂದೆ ನುಡಿಸಿದರು. ಅದಾದ ಒಂದೆರಡು ದಿನಗಳಲ್ಲೇ 92 ವರ್ಷದ ಜಾನ್ಸನ್ ತೀರಿಕೊಂಡರು. ಇದರ ಸಾಕ್ಷ್ಯಚಿತ್ರ 'ಥಂಡರ್ ಸೋಲ್' 2010ರಲ್ಲಿ ಬಂತು. ಅದರಲ್ಲಿ ಆ ಹಳೆಯ ವಿದ್ಯಾರ್ಥಿಗಳ ಮುಖ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ: ಅವರ ಪಾಲಿಗೆ ಈ ಸಂಗೀತ ಯಾವತ್ತೂ ಕಳೆದುಹೋಗಿರಲೇ ಇಲ್ಲ.

ಶಿಕಾಗೊದಲ್ಲಿ 2003ರಲ್ಲಿ ಶುರುವಾದ ನ್ಯೂಮೆರೊ ಗ್ರೂಪ್ ಇದನ್ನೇ ವೃತ್ತಿಯಾಗಿ ಮಾಡಿಕೊಂಡಿತು. ಅವರ ಮೊದಲ ಸಂಕಲನ ಓಹಾಯೋದ ಕೊಲಂಬಸ್‌ನ ಕ್ಯಾಪ್‌ಸೋಲ್ ಎಂಬ ಸಣ್ಣ ಲೇಬಲ್‌ನದು. ಅದನ್ನು ನಡೆಸಿದ ಬಿಲ್ ಮಾಸ್ ರೇಡಿಯೋ ನಿರೂಪಕ, ಗಾಯಕ, ಆಮೇಲೆ ಅಲ್ಲಿಯ ಶಾಲಾ ಮಂಡಳಿಯ ಸದಸ್ಯ. ನ್ಯೂಮೆರೊದವರು ಹಕ್ಕುದಾರರನ್ನು ಹುಡುಕಿ, ಪರವಾನಗಿ ಪಡೆದು, ರೆಕಾರ್ಡಿನ ಜೊತೆಗೆ ದೀರ್ಘ ಲೇಖನ ಮುದ್ರಿಸುತ್ತಾರೆ: ಯಾರು ಹಾಡಿದರು, ಯಾರ ದುಡ್ಡು, ಯಾಕೆ ಮುಳುಗಿತು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಹಾಡಿನಷ್ಟೇ ಮುಖ್ಯ ಈ ಲೇಖನ. ಇದು ನಮ್ಮ ಗ್ರಂಥಸಂಪಾದನೆಯ ಪೀಠಿಕೆಯ ಕೆಲಸ. ಓಲೆಪ್ರತಿ ಯಾರ ಮನೆಯದು, ಎಷ್ಟು ಗರಿ ನಷ್ಟವಾಗಿದೆ, ಪಾಠ ಎಲ್ಲಿ ಕೆಟ್ಟಿದೆ ಎಂದು ಸಂಪಾದಕರು ಮೊದಲೇ ಹೇಳಿಬಿಡುತ್ತಾರಲ್ಲ, ಹಾಗೆ. ನಮ್ಮ ಜಿಲ್ಲೆಯಲ್ಲೇ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು 'ಶ್ರೀ ಭಾಗವತೊ' ಮೊದಲಾದ ಹಳೆಯ ತುಳು ಕಾವ್ಯಗಳನ್ನು ಓಲೆಗಳಿಂದ ಹುಡುಕಿ ಸಂಪಾದಿಸಿದವರು. ಅವರು ಆ ಲಿಪಿ ಓದಬಲ್ಲವರಾಗಿದ್ದರು, ಇದೇ ಊರಿನವರಾಗಿದ್ದರು. ಒಳಗಿನವರು ಹುಡುಕುವುದಕ್ಕೂ ಹೊರಗಿನವರು ಕಂಡುಹಿಡಿಯುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಹಾಗಂತ ಈ ಲೇಖನಗಳೆಲ್ಲ ನಿರ್ದೋಷಿ ಎನ್ನಲಾರೆ. ನಾನು ಓದಿದ ಹಲವು ಪತ್ತೇದಾರಿ ಕಥೆಯ ಅಚ್ಚಿನಲ್ಲಿವೆ. ಧೂಳು ಹಿಡಿದ ಅಂಗಡಿ, ಒಂದು ಸುಳಿವು, ಟೆಲಿಫೋನ್ ಡೈರೆಕ್ಟರಿ, ಕೊನೆಗೆ ಬಾಗಿಲು ತೆರೆಯುವ ಮುದುಕ. ಕಥಾನಾಯಕ ಬಾಗಿಲು ತಟ್ಟಿದವ, ತೆರೆದವನಲ್ಲ. ಹಾಡುಗಾರ ಮೂವತ್ತು ವರ್ಷ ಬಸ್ಸು ಓಡಿಸಿದ್ದೋ ಚರ್ಚಿನಲ್ಲಿ ಹಾಡಿದ್ದೋ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಆ ಕಾಲವೆಲ್ಲ ಬರೇ ಕಾಯುವಿಕೆ ಎಂಬಂತೆ. ಚರ್ಚಿನಲ್ಲಿ ಪ್ರತಿ ಭಾನುವಾರ ಹಾಡಿದವನ ಸಂಗೀತ ನಿಂತದ್ದು ಯಾವಾಗ? 'ಕಳೆದುಹೋದ' ಎಂಬ ವಿಶೇಷಣ ಮಾರಾಟಕ್ಕೆ ಒಳ್ಳೆಯದು, ವಿಮರ್ಶೆಗೆ ಅಲ್ಲ. ಅಪರೂಪ ಎಂಬುದೇ ಗುಣವಾಗಿಬಿಡುವ ಅಪಾಯವೂ ಉಂಟು: ಐದು ಪ್ರತಿ ಉಳಿದಿದೆ ಎಂಬ ಕಾರಣಕ್ಕೆ ಸಾಧಾರಣ ಹಾಡು ಶ್ರೇಷ್ಠವಾಗುವುದಿಲ್ಲ. ನಮ್ಮ ಹಸ್ತಪ್ರತಿ ಸಂಶೋಧನೆಗೂ ಈ ಮಾತು ಹೇಳಬಹುದು, ಆದರೆ ಮೇಷ್ಟ್ರುಗಳು ಇರುವಲ್ಲಿ ನಾನು ಅದನ್ನು ಹೆಚ್ಚು ಎಳೆಯುವುದಿಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಹಾಗಾದರೆ ಹುಡುಕುವುದೇ ಬೇಡವಾ ಅಂತ. ಬೇಕು. ಈಗನ್ ಹುಡುಕಿ ಹೋಗದಿದ್ದರೆ ಜಾನ್ಸನ್ ಹೆಸರು ನನ್ನವರೆಗೆ ಬರುತ್ತಿರಲಿಲ್ಲ. ನಾನು ಕೇಳುವುದು ರೆಕಾರ್ಡು ಸಿಕ್ಕಿದ ಮಾರನೇ ದಿನ ಏನು ಮಾಡಿದಿರಿ ಎಂದು. ಲೇಬಲ್ ನೆನೆಸಿದಿರಾ, ಬಸ್ಸು ಹತ್ತಿದಿರಾ?

ನನ್ನ ಕಿರುಪ್ರಬಂಧಕ್ಕೆ ತಾಳಮದ್ದಳೆ ಕ್ಯಾಸೆಟ್ಟುಗಳ ಹೊದಿಕೆಗಳ ಪಟ್ಟಿ ಮಾಡುತ್ತಿದ್ದೇನೆ. ಚೆಂಡೆ-ಮದ್ದಳೆಯವರ ಹೆಸರು ಅಚ್ಚಾಗಿರುವ, ಇಲ್ಲವೇ ಯಾರಾದರೂ ಪೆನ್ನಿನಲ್ಲಿ ಬರೆದಿಟ್ಟಿರುವ ಕ್ಯಾಸೆಟ್ಟು ನಿಮ್ಮ ಮನೆಯಲ್ಲಿದ್ದರೆ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ಟೇಪು ಓಡದಿದ್ದರೂ ಅಡ್ಡಿಯಿಲ್ಲ.