ಹೌಂಡುಗಳ ಸರದಿ

ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಶ್ವಾನ ಪ್ರದರ್ಶನ 1877ರಲ್ಲಿ ಶುರುವಾದದ್ದು. ಅಲ್ಲಿ ರಾತ್ರಿಯಾದರೆ ನಮಗಿಲ್ಲಿ ಬೆಳಗಿನ ಕಾಫಿ ಹೊತ್ತು. ಪೂಡಲ್‌ಗಳ ಕೇಶಾಲಂಕಾರ ಬಂದಾಗ ಲೋಟ ತೊಳೆಯಲು ಎದ್ದುಹೋಗುತ್ತೇನೆ. ಹೌಂಡುಗಳ ಸರದಿಯಲ್ಲಿ ಮಾತ್ರ ಕದಲುವುದಿಲ್ಲ. ಬ್ಲಡ್‌ಹೌಂಡ್ ಮೂಗನ್ನು ನೆಲಕ್ಕಿಟ್ಟರೆ ಹಣೆಯ ಸುಕ್ಕೆಲ್ಲ ಕಣ್ಣಿನ ಮೇಲೆ ಜಾರುತ್ತದೆ, ಉದ್ದ ಕಿವಿಗಳು ನೆಲ ಸವರುತ್ತವೆ. ಆ ಜೋಲುಮುಖಕ್ಕೆ ಅತ್ಯುನ್ನತ ಪ್ರಶಸ್ತಿ ಮೊದಲ ಸಲ ಒಲಿದದ್ದು 2022ರಲ್ಲಿ, ಟ್ರಂಪೆಟ್ ಎಂಬ ನಾಯಿಯಿಂದ. ಅಷ್ಟು ತಡವೇಕೋ! ಬೀಗಲ್ ಕೂಡ 2008ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಊನೊ ಅಂಗಳದಲ್ಲೇ ಗಂಟಲೆತ್ತಿ ಊಳಿಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಲೂಕಿ ಓಡುವಾಗ ನನ್ನ ಮನಸ್ಸು ಬಾಗಲಕೋಟೆ ಕಡೆ ಹೊರಳುತ್ತದೆ. ಅದೇ ಆಳವಾದ ಎದೆ, ಅದೇ ಒಳಸೇರಿದ ಹೊಟ್ಟೆ, ನಮ್ಮ ಮುಧೋಳ ನಾಯಿಯದೇ ಮೈಕಟ್ಟು. ಓಟದಲ್ಲಿ ಯಾವುದು ಮುಂದೆ ಎಂದು ಕೇಳಿದರೆ ನಾನು ಪಕ್ಷಪಾತಿ.