ಗರತಿಯೊಳಗಿನ ಬಾಲಕಿ: ತವರಿನ ಹಾಡುಗಳ ಮರುಓದು

ಕನ್ನಡ ಜನಪದ ಗೀತೆಗಳ ಸಂಗ್ರಹದ ಇತಿಹಾಸದಲ್ಲಿ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಕಲನಕ್ಕೆ ವಿಶಿಷ್ಟ ಸ್ಥಾನವಿದೆ. ಸಂಕಲನದ ಹೆಸರೇ ಮುಂದೆ ತ್ರಿಪದಿಗಳ ದೊಡ್ಡ ರಾಶಿಯೊಂದನ್ನು ಗುರುತಿಸುವ ಪರಿಭಾಷೆಯಾಯಿತು. 'ಗರತಿ' ಎಂಬುದು ಸಂಸಾರದಲ್ಲಿ ನೆಲೆನಿಂತ, ಮರ್ಯಾದೆಗೆ ಪಾತ್ರಳಾದ ವಿವಾಹಿತೆಯನ್ನು ಸೂಚಿಸುವ ಪದ. ಆಕೆಯ ವಯಸ್ಸನ್ನು ಆ ಪದ ಹೇಳುವುದಿಲ್ಲ, ಮರೆಸುತ್ತದೆ.

ಈ ಮರೆವು ಸಣ್ಣದಲ್ಲ. ಹೆಣ್ಣಿನ ವಿವಾಹಕ್ಕೆ 14 ವರ್ಷದ ಕನಿಷ್ಠ ಮಿತಿಯನ್ನು ವಿಧಿಸಿದ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು, ಅಂದರೆ ಸಂಕಲನ ಪ್ರಕಟವಾಗುವ ಹಿಂದಿನ ವರ್ಷ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬಿಜಾಪುರ ಸೀಮೆಯಲ್ಲಿ ಬೀಸುತ್ತ ಕುಟ್ಟುತ್ತ ಹಾಡಿಕೊಟ್ಟ ಹಿರಿಯ ಹೆಂಗಸರೆಲ್ಲ ಇಂತಹ ಮಿತಿಯೊಂದು ಹುಟ್ಟುವ ಮೊದಲೇ ಅತ್ತೆಯ ಮನೆ ಸೇರಿದವರು. ಮೈಸೂರು ಸಂಸ್ಥಾನದ 1894ರ ನಿಬಂಧನೆ ತಡೆದದ್ದಾದರೂ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಒಂಬತ್ತರ ಹುಡುಗಿ ಆಗ ಕಾನೂನಿನ ಕಣ್ಣಿನಲ್ಲಿಯೂ ಮದುಮಗಳೇ ಆಗಿದ್ದಳು.

ಆದರೆ ತವರಿನ ಹಾಡುಗಳನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ರಸಗ್ರಹಣದ ದಾರಿಯಲ್ಲಿಯೇ ಸಾಗಿದೆ. ತವರಿನ ಹಂಬಲವನ್ನು ಹೆಣ್ಣಿನ ಸಹಜ ಗುಣವೆಂದೂ ಕುಟುಂಬವಾತ್ಸಲ್ಯದ ಉತ್ಕಟ ಅಭಿವ್ಯಕ್ತಿಯೆಂದೂ ಬಣ್ಣಿಸಲಾಗಿದೆ. ಹಾಡುಗಳ ವಿವರಗಳು ಬೇರೆಯದನ್ನೇ ಹೇಳುತ್ತವೆ. ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲವೆಂದು ಹಲುಬುವವಳ ಮನಸ್ಸು ಜೋಕಾಲಿಯ ಮೇಲೆ, ಓರಗೆಯ ಗೆಳತಿಯರ ಮೇಲೆ, ತಾಯಿ ತಲೆ ಬಾಚಿ ಹೆರಳು ಹಾಕುವುದರ ಮೇಲೆ ಇದೆ. ಇವು ಆಟ ಮುಗಿಯುವ ಮೊದಲೇ ಅಂಗಳದಿಂದ ಎಬ್ಬಿಸಲ್ಪಟ್ಟ ಮಗುವಿನ ಬೇಡಿಕೆಗಳು. ಪ್ರೌಢೆಯ ಸ್ಮೃತಿಯೆಂದು ಓದಿದಾಗ ಮಧುರವಾಗಿ ಕಾಣುವ ಸಾಲು, ಹತ್ತು ಹನ್ನೆರಡರ ಹುಡುಗಿಯ ಮಾತೆಂದು ಓದಿದೊಡನೆ ಸಾಕ್ಷ್ಯವಾಗುತ್ತದೆ. ಮುಪ್ಪಿನಲ್ಲಿ ಹಾಡುವಾಗಲೂ ಹಾಡಿನ 'ನಾನು' ಬೆಳೆಯದೆ ಉಳಿದಿರುತ್ತಾಳೆ ಎಂಬುದನ್ನು ಗಮನಿಸಬೇಕು.

'ಕೆರೆಗೆ ಹಾರ' ಕಥನಗೀತೆಯ ಬಗೆಗೂ ಇದೇ ಮಾತು. ಬಲಿ ಎಂಬ ಭವ್ಯತೆಯ ಸುತ್ತ ಸಾಕಷ್ಟು ಚರ್ಚೆ ನಡೆದಿದೆ. ಕಿರಿಯ ಸೊಸೆ ಭಾಗೀರಥಿ ತವರಿಗೆ ಹೋಗಿ, ಹೆತ್ತವರಿಗೆ ನಿಜ ಹೇಳಲಾರದೆ ಗೆಳತಿಯ ಬಳಿ ಮಾತ್ರ ಬಾಯಿಬಿಡುವ ಭಾಗಕ್ಕೆ ದೊರೆಯಬೇಕಾದ ಮಹತ್ವ ದೊರೆತಿಲ್ಲ. ಆ ಗೆಳತಿಯೂ ಒಪ್ಪಿಗೆಯ ಬುದ್ಧಿಯನ್ನೇ ಹೇಳುತ್ತಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಒಂದೇ ವಯಸ್ಸಿನ ಇಬ್ಬರ ನಡುವೆಯೂ ಬಂದು ಕೂತಿರುವುದು ಈ ಗೀತೆಯ ನಿಜವಾದ ಭೀಕರತೆ.

ಎಲ್ಲ ಸಮುದಾಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಋತುಪೂರ್ವ ವಿವಾಹದ ಕಟ್ಟುನಿಟ್ಟು ಮುಖ್ಯವಾಗಿ ಬ್ರಾಹ್ಮಣ ಮೊದಲಾದ ಮೇಲ್ಜಾತಿಗಳದು. ಅಲ್ಲಿನ ಬಾಲವಿಧವೆಯ ಬದುಕು 'ಫಣಿಯಮ್ಮ'ದಂತಹ (1976) ಕಾದಂಬರಿಗಳಿಗೆ ವಸ್ತುವಾಯಿತು. ಇತರ ಅನೇಕ ಸಮುದಾಯಗಳಲ್ಲಿ ಹುಡುಗಿ ಮೈನೆರೆದ ಮೇಲೆ ಒಸಗೆ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹಾಡುತ್ತಾರೆ. ಹಳೆ ಮೈಸೂರು ಭಾಗದಲ್ಲಿ ಇಂದಿಗೂ ಕಾಣಸಿಗುವ ಈ ಆಚರಣೆ ಹೆಣ್ತನದ ಸಂಭ್ರಮವೂ ಹೌದು, ಮದುವೆಗೆ ಹೆಣ್ಣು ಸಿದ್ಧವಾಯಿತೆಂಬ ಸಾರ್ವಜನಿಕ ಪ್ರಕಟಣೆಯೂ ಹೌದು. ಸೋದರಿಕೆಯ ಸಂಬಂಧ ರೂಢಿಯಲ್ಲಿರುವ ಕಡೆ ಗುಡ್ಲು ಹಾಕುವವನೇ ವರನಾಗುವ ಸಾಧ್ಯತೆಯೂ ಇದೆ. ಏಳನೆಯ ತರಗತಿಯವರೆಗೆ ಊರಿನಲ್ಲಿಯೇ ಓದಿದವಳು ಹೈಸ್ಕೂಲಿಗಾಗಿ ಮತ್ತೊಂದು ಊರಿಗೆ ನಡೆಯಬೇಕಾದ ಹೊತ್ತಿಗೇ ಒಸಗೆಯೂ ಬರುತ್ತದೆ. ಎಂಟನೆಯ ತರಗತಿಯವರಿಗೆ ರಾಜ್ಯ ಸರ್ಕಾರ 2006-07ರಲ್ಲಿ ಸೈಕಲ್ ನೀಡಲು ಆರಂಭಿಸಿದ್ದರ ಅರ್ಥ ಈ ಸಂದರ್ಭದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಜಾನಪದ ಅಧ್ಯಯನವಾದರೋ ಒಸಗೆಯನ್ನು 'ಫಲವಂತಿಕೆಯ ಆಚರಣೆ' ಎಂದು ವರ್ಗೀಕರಿಸಿ ಮುಂದೆ ನಡೆದಿದೆ; ಮರುದಿನ ಆಕೆ ಶಾಲೆಗೆ ಹೋದಳೇ ಎಂದು ಕೇಳಿಲ್ಲ.

ಸಾಕ್ಷರತಾ ಆಂದೋಲನದ ಕಾಲದಿಂದ ಸೋಬಾನೆ, ಲಾವಣಿಗಳ ಧಾಟಿಯಲ್ಲಿ ಬಾಲ್ಯವಿವಾಹ ವಿರೋಧಿ ಹಾಡುಗಳು ವಿಪುಲವಾಗಿ ರಚನೆಯಾದವು. ಇವುಗಳ ಉದ್ದೇಶ ಪ್ರಶ್ನಾತೀತ, ರಚನೆ ಹಾಗಲ್ಲ. ಧಾಟಿ ಹೆಂಗಸರದು, ಮಾತು ಇಲಾಖೆಯದು. ಹಳೆಯ ಹಾಡಿನಲ್ಲಿ ನೊಂದವಳೇ ನುಡಿಯುತ್ತಿದ್ದಳು. ಇಲ್ಲಿ ಆಕೆ ಬುದ್ಧಿ ಹೇಳಿಸಿಕೊಳ್ಳುವವಳು. ಮಗಳನ್ನು ಬೇಗ ದಾಟಿಸಿದರೆ ಸಾಕೆನ್ನುವ ತಾಯಿಯ ಅಂಜಿಕೆ, ಗುಳೆ ಹೋಗುವ ಕುಟುಂಬ ಬೆಳೆದ ಹುಡುಗಿಯನ್ನು ಯಾರ ಬಳಿ ಬಿಟ್ಟು ಹೋಗಬೇಕೆಂಬ ಚಿಂತೆ ಇವುಗಳಲ್ಲಿ ಅಪರೂಪ. ಇದಕ್ಕೆ ಹೋಲಿಸಿದರೆ 1989ರಿಂದ ಬಿಜಾಪುರ, ಬೀದರ, ಮೈಸೂರು ಜಿಲ್ಲೆಗಳಲ್ಲಿ ಕಾರ್ಯ ಆರಂಭಿಸಿದ ಮಹಿಳಾ ಸಮಖ್ಯಾದ ಸಂಘಗಳ ಕ್ರಮ ಭಿನ್ನವಾಗಿತ್ತು. ಅಲ್ಲಿ ಹೆಂಗಸರು ಮೊದಲು ತಮ್ಮತಮ್ಮಲ್ಲಿ ಕೂತು ಮಾತಾಡುವುದಕ್ಕೆ ಅವಕಾಶವಿತ್ತು.

ಬಾಲ್ಯವಿವಾಹ ನಿಷೇಧ ಕಾಯ್ದೆ 2007ರಿಂದ ಜಾರಿಯಲ್ಲಿದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ (2011) ತರುವಾಯ ರಾಜ್ಯವು ತಂದ ತಿದ್ದುಪಡಿ ಇಂತಹ ಮದುವೆಯನ್ನು ಮೂಲತಃ ಅಸಿಂಧುಗೊಳಿಸಿದೆ. ಆದರೂ ರಾಜ್ಯದ 20ರಿಂದ 24 ವರ್ಷದ ಸ್ತ್ರೀಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯದ ನಾಲ್ಕನೆಯ ಸಮೀಕ್ಷೆಯಲ್ಲಿ (2015-16) ಶೇ. 21.4, ಐದನೆಯದರಲ್ಲಿ (2019-21) ಶೇ. 21.3. ನಾಲ್ಕೈದು ವರ್ಷಗಳ ಅಂತರದಲ್ಲಿ ಕದಲಿದ್ದು ದಶಾಂಶ ಒಂದು ಮಾತ್ರ. ತವರಿನ ಹಾಡು ಮುಗಿದುಹೋದ ಲೋಕದ್ದೆಂದು ಭಾವಿಸುವುದಕ್ಕೆ ಈ ಅಂಕಿಗಳು ಆಸ್ಪದ ಕೊಡುವುದಿಲ್ಲ.

ಕ್ಷೇತ್ರಕಾರ್ಯದ ರೂಢಿಯೂ ಇಲ್ಲಿ ವಿಚಾರಣೆಗೆ ಒಳಪಡಬೇಕು. ಬಹುತೇಕ ಸಂಕಲನಗಳಲ್ಲಿ ಹಾಡಿದವರ ಹೆಸರು, ಊರು ಇದ್ದರೆ ಅದೇ ಹೆಚ್ಚು. ವಕ್ತೃವಿನ ಈಗಿನ ವಯಸ್ಸಿನ ಜೊತೆಗೆ ಮದುವೆಯಾದಾಗಿನ ವಯಸ್ಸು, ಶಾಲೆ ಬಿಟ್ಟ ತರಗತಿ, ಹಾಡನ್ನು ತವರಿನಲ್ಲಿ ಕಲಿತದ್ದೋ ಅತ್ತೆಯ ಮನೆಯಲ್ಲೋ ಎಂಬ ವಿವರಗಳು ದಾಖಲಾದಲ್ಲಿ, ಬೀಸುಕಲ್ಲಿನ ಮುಂದೆ ಹಾಡಿದ ಅಜ್ಜಿಯ ಹಾಡಿಗೂ ಹಾಸ್ಟೆಲಿನಲ್ಲಿ ಓದುತ್ತಿರುವ ಮೊಮ್ಮಗಳು ನೆನಪಿಟ್ಟುಕೊಂಡ ಅದೇ ಹಾಡಿಗೂ ನಡುವಿನ ಪಾಠಾಂತರ ಏನೆಂಬುದನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.